ಹೊಸ ಕಾಫಿ ಅಂಗಡಿಯಲ್ಲಿ ಫಿಲ್ಟರ್ ಕಾಫಿಯೇ ಯಾಕೆ ಸೋಲುತ್ತೆ?

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಗ ಇದು ಮಾಮೂಲಿ. ಜೆರಾಕ್ಸ್ ಅಂಗಡಿಯೋ ಟೈಲರ್ ಅಂಗಡಿಯೋ ಇದ್ದ ಮಳಿಗೆ ಆರು ತಿಂಗಳು ಷಟರ್ ಎಳೆದುಕೊಂಡು ಕೂತಿರುತ್ತದೆ. ಒಂದು ದಿನ ಒಳಗಿಂದ ಕಲ್ಲು ಕೊಯ್ಯುವ ಸದ್ದು, ಫುಟ್‌ಪಾತಿನ ಮೇಲೆ ಪ್ಲೈವುಡ್ ಹೊಟ್ಟು. ಇನ್ನೊಂದು ತಿಂಗಳಿಗೆ ಅಲ್ಲೊಂದು ಕಾಫಿ ಅಂಗಡಿ. ನಾಲ್ಕು ಮೇಜು, ಬಾಗಿಲ ಹೊರಗೊಂದು ಬೆಂಚು, ಯಾವ ದೊಡ್ಡ ಕಂಪನಿಗೂ ಸೇರದ, ಯಾರೋ ಇಬ್ಬರು ಸ್ನೇಹಿತರು ಸಾಲ ಸೋಲ ಮಾಡಿ ಹಾಕಿದ ಅಂಗಡಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಳಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ: ಬಾಬಾ ಬುಡನ್‌ಗಿರಿ, ಅರೇಬಿಕಾ, ಎಸ್ 795 (ಇದು ತಳಿಯ ಹೆಸರು), ವಾಶ್ಡ್ (ತಿರುಳು ತೊಳೆದು ಒಣಗಿಸಿದ್ದು), ಹುರಿದ ತಾರೀಖು ಇಂಥದ್ದು.

ಮೂರು ಸಲ ಹೋಗಿ ಮೂರು ಬೇರೆ ಬೇರೆ ಕಾಫಿ ಕುಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಎಸ್ಪ್ರೆಸೊ ಚೆನ್ನಾಗಿರುತ್ತದೆ. ಕಾಗದದ ಫಿಲ್ಟರಿನಲ್ಲಿ ಪುಡಿಯ ಮೇಲೆ ಬಿಸಿನೀರು ಸುರಿದು ಇಳಿಸುವ ಪೋರ್ ಓವರ್ ಅಂತೂ ಇನ್ನೂ ಚೆನ್ನಾಗಿರುತ್ತದೆ. ಆದರೆ ಪಟ್ಟಿಯ ಕೊನೆಯಲ್ಲಿ, ಊರಿನ ಮರ್ಯಾದೆಗೆ ಅಂತ ಸೇರಿಸಿದ ‘ಫಿಲ್ಟರ್ ಕಾಫಿ’ ಮಾತ್ರ ನೀರುನೀರು, ಹುಳಿಹುಳಿ, ಉಗುರು ಬೆಚ್ಚಗೆ. ಬೆಲೆ ಪಕ್ಕದ ದರ್ಶಿನಿಯ ಐದಾರು ಪಟ್ಟು, ರುಚಿ ಅದರ ಅರ್ಧ. ಒಂದು ಅಂಗಡಿಯಲ್ಲಿ ಹೀಗಾದರೆ ಅವರ ಕೈಗುಣ ಅನ್ನಬಹುದು. ಜಯನಗರದಲ್ಲೂ ಮಲ್ಲೇಶ್ವರದಲ್ಲೂ ಇಂದಿರಾನಗರದಲ್ಲೂ ಹೀಗೇ ಆದರೆ ಕಾರಣ ಬೇರೆ ಕಡೆ ಹುಡುಕಬೇಕು. ಮಾಡುವವರಿಗೆ ಶ್ರದ್ಧೆ ಇಲ್ಲವೆಂದಲ್ಲ. ಶ್ರದ್ಧೆ ಅವರಿಗೆ ಬೇಕಾದಷ್ಟಿದೆ. ಅದು ಪೂರ್ತಿ ಇನ್ನೊಂದು ಥರದ ಕಾಫಿಯ ಕಡೆಗೆ ತಿರುಗಿಕೊಂಡಿದೆ, ಅಷ್ಟೆ.

ಕೌಂಟರಿನ ಮೇಲೆ ಹತ್ತು ನಿಮಿಷ ಕಣ್ಣಿಟ್ಟರೆ ಇದು ಗೊತ್ತಾಗುತ್ತದೆ. ಎಸ್ಪ್ರೆಸೊಗೆ 18 ಗ್ರಾಂ ಪುಡಿ, ತಕ್ಕಡಿಯಲ್ಲಿ ದಶಮಾಂಶದವರೆಗೆ ತೂಗಿ. 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಬೇಕು. 20 ಸೆಕೆಂಡಿಗೇ ಇಳಿದುಬಿಟ್ಟರೆ ಹುಡುಗ ಮುಖ ಸಿಂಡರಿಸಿ ಅದನ್ನು ಸಿಂಕಿಗೆ ಚೆಲ್ಲಿ, ಗ್ರೈಂಡರನ್ನು ಒಂದು ಗೆರೆಯಷ್ಟು ನುಣ್ಣಗೆ ತಿರುಗಿಸುತ್ತಾನೆ. ಪೋರ್ ಓವರಿಗೆ 15 ಗ್ರಾಂ ಪುಡಿ, 240 ಮಿಲಿ ನೀರು. ಮೊದಲು 40 ಮಿಲಿ ಹಾಕಿ 40 ಸೆಕೆಂಡು ಪುಡಿ ಉಬ್ಬಲು ಬಿಟ್ಟು, ಆಮೇಲೆ ಉಳಿದದ್ದನ್ನು ಸುತ್ತ ಸುತ್ತ ಸುರಿಯುವುದು, ಒಟ್ಟು ಮೂರು ನಿಮಿಷದ ಆಸುಪಾಸು. ಇಷ್ಟೆಲ್ಲ ಅಳೆಯುವ ತಕ್ಕಡಿ ಸ್ಟೀಲ್ ಫಿಲ್ಟರಿನ ಹತ್ತಿರ ಮಾತ್ರ ಸುಳಿಯುವುದಿಲ್ಲ. ಅಲ್ಲಿ ಲೆಕ್ಕ ಚಮಚದ್ದು, ಅದೂ ಅಂದಾಜಿನ ಮೇಲೆ. ‘ಫಿಲ್ಟರ್ ಕಾಫಿ ತಾನೇ, ಅದರಲ್ಲೇನಿದೆ’ ಅನ್ನುವ ಭಾವ. ಅದರಲ್ಲಿ ಬೇಕಾದಷ್ಟಿದೆ.

ಚಿಕೋರಿ ಬೆರಕೆ ಅಲ್ಲ, ಬಿಗಿ

ಇಂಥದೊಂದು ಅಂಗಡಿಯ ಕೌಂಟರಿನಲ್ಲಿ ನಡೆದ ಮಾತು ಇದು. ಬೆಳಗ್ಗೆ ಹನ್ನೊಂದರ ಹೊತ್ತು. ವಾಕಿಂಗ್ ಮುಗಿಸಿ ಬ್ಯಾಂಕಿಗೂ ಹೋಗಿಬಂದಿದ್ದ ಹಿರಿಯರೊಬ್ಬರು, ಕೈಯಲ್ಲಿ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರ್ ಹಿಡಿದೇ ಕೇಳಿದರು: “ಏನಪ್ಪಾ, ಎಷ್ಟು ಪರ್ಸೆಂಟ್ ಚಿಕೋರಿ ಹಾಕ್ತೀರಿ?”

“ಚಿಕೋರಿ ಇಲ್ಲ ಸರ್. ನಮ್ದು ಹಂಡ್ರೆಡ್ ಪರ್ಸೆಂಟ್ ಅರೇಬಿಕಾ.” ಹುಡುಗನ ದನಿಯಲ್ಲಿ ಹೆಮ್ಮೆ.

“ಹಾಗಾದ್ರೆ ಡಿಕಾಕ್ಷನ್ನು ಹೇಗೆ ನಿಲ್ಲುತ್ತೆ?”

ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೆ ಅದು ಫಿಲ್ಟರ್ ಕಾಫಿಯ ಮರ್ಮಕ್ಕೇ ಕೈಹಾಕಿದ ಪ್ರಶ್ನೆ. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಒತ್ತಡ ಕೊಡುವ ಪಂಪ್ ಇಲ್ಲ, ಸೋಸುವ ಕಾಗದವೂ ಇಲ್ಲ. ತೂತಿನ ತಟ್ಟೆಯ ಮೇಲೆ ಪುಡಿ, ಪುಡಿಯ ಮೇಲೆ ಕೊಡೆಯಂಥ ಬಿಲ್ಲೆ, ಅದರ ಮೇಲೆ ಕುದಿನೀರು. ನೀರು ಎಷ್ಟು ಹೊತ್ತು ಪುಡಿಯ ಜೊತೆ ಇರಬೇಕು ಅನ್ನುವುದನ್ನು ತೀರ್ಮಾನಿಸುವುದು ಪುಡಿಯ ಹಾಸಿಗೆ ಒಂದೇ. ಅದು ಬಿಗಿಯಾಗಿದ್ದರೆ ನೀರು ಹನಿಹನಿಯಾಗಿ ಇಳಿಯುತ್ತದೆ, ಸಡಿಲವಾಗಿದ್ದರೆ ಬುಳಬುಳನೆ ಇಳಿದುಹೋಗುತ್ತದೆ. ಚಿಕೋರಿ ನೀರು ಕುಡಿದು ಉಬ್ಬುವ ಬೇರು. ಕಾಫಿಪುಡಿಯ ಸಂದುಗಳನ್ನು ತುಂಬಿ ನೀರನ್ನು ತಡೆದು ನಿಲ್ಲಿಸುತ್ತದೆ. ಅದರ ಜೊತೆಗೆ, ಕಾಫಿಪುಡಿಯಿಂದ ನೀರಿಗೆ ಬಿಡುವ ಸಾರ ಹೆಚ್ಚೆಂದರೆ ಶೇಕಡಾ 30ರಷ್ಟಿದ್ದರೆ, ಹುರಿದ ಚಿಕೋರಿಯಿಂದ ಅರ್ಧಕ್ಕಿಂತ ಜಾಸ್ತಿಯೇ ನೀರಿಗೆ ಬಿಡುತ್ತದೆ. ಡಿಕಾಕ್ಷನ್ನಿನ ಕಪ್ಪು, ಆ ಜಿಗುಟು, ನೂರು ಮಿಲಿ ಹಾಲು ಬಿದ್ದರೂ ಕರಗಿ ಹೋಗದ ಆ ಧಾರ್ಷ್ಟ್ಯ, ಇದರಲ್ಲಿ ದೊಡ್ಡ ಪಾಲು ಚಿಕೋರಿಯದು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಾಫಿಗಿಂತ ಅಗ್ಗ, ಆದ್ದರಿಂದ ಕಲಬೆರಕೆ ಅನ್ನುವ ಕೆಟ್ಟ ಹೆಸರು ಬಂತು. ಅಗ್ಗ ಅಂತ ಮನಸ್ಸಿಗೆ ಬಂದಷ್ಟು ತುಂಬಿದರೆ ಆ ಹೆಸರಿಗೆ ತಕ್ಕ ಹಾಗೇ ಆಗುತ್ತದೆ. ಕಾನೂನಿನ ಪ್ರಕಾರ ಶೇಕಡಾ 49ರವರೆಗೂ ಹಾಕಬಹುದು, ಪ್ಯಾಕೆಟ್ಟಿನ ಮೇಲೆ ಪ್ರಮಾಣ ಬರೆದರೆ ಸಾಕು. ಆದರೆ 15ರಿಂದ 20ರಷ್ಟು ಚಿಕೋರಿ ಹಾಕುವುದು ದುಡ್ಡು ಉಳಿಸಲಿಕ್ಕಲ್ಲ, ಈ ಪಾತ್ರೆ ಕೇಳುವ ಕೆಲಸಕ್ಕೆ.

ಚಿಕೋರಿ ಬೇಡವೇ ಬೇಡ ಅನ್ನುವವರಿಗೂ ದಾರಿ ಇದೆ. ಆದರೆ ಆಗ ಉಳಿದದ್ದೆಲ್ಲ ಬದಲಾಗಬೇಕು. ಹೊಸ ಅಂಗಡಿಗಳು ಪೋರ್ ಓವರಿಗೆಂದು ಎಳೆಯದಾಗಿ ಹುರಿದ ಬೀಜವನ್ನೇ ಫಿಲ್ಟರಿಗೂ ಹಾಕುತ್ತವೆ. ಹುರಿಯುವಾಗ ಬೀಜ ಮೊದಲ ಸಲ ಚಟಪಟ ಅನ್ನುವುದು 200 ಡಿಗ್ರಿಯ ಹತ್ತಿರ. ಅಲ್ಲಿಂದ ಸ್ವಲ್ಪದರಲ್ಲೇ ಇಳಿಸಿದ ಬೀಜ ಗಟ್ಟಿ, ಅದರ ಸಾರ ಬೇಗ ಬಿಡುವುದಿಲ್ಲ. ಕಾಗದದ ಫಿಲ್ಟರಿನಲ್ಲಿ ಒಂದು ಪಾಲು ಪುಡಿಗೆ ಹದಿನಾರು ಪಾಲು ನೀರು ಹಾಯುವುದರಿಂದ ಸಾರ ಪೂರ್ತಿ ಬರುತ್ತದೆ. ಸ್ಟೀಲ್ ಫಿಲ್ಟರಿನಲ್ಲಿ ಒಂದು ಪಾಲಿಗೆ ಐದು ಪಾಲು ನೀರು. ಅಷ್ಟು ಕಮ್ಮಿ ನೀರಿಗೆ ಮೊದಲು ಬಿಟ್ಟುಕೊಳ್ಳುವುದು ಹುಳಿ. ಸಿಹಿಯೂ ಕಹಿಯೂ ಆಮೇಲೆ ಬರಬೇಕಾದವು, ಅವು ಪುಡಿಯಲ್ಲೇ ಉಳಿದುಹೋಗುತ್ತವೆ. ಬ್ಲ್ಯಾಕ್ ಕಾಫಿಯಲ್ಲಿ ಕಿತ್ತಳೆಯ ಹಾಗೆ ಹಿತವಾಗಿದ್ದ ಆ ಹುಳಿ ಕಾದ ಹಾಲಿಗೆ ಬಿದ್ದರೆ ಹಾಲೇ ಕೆಟ್ಟಿತೇನೋ ಅನ್ನಿಸುತ್ತದೆ. ಹಾಲು ನಿಜಕ್ಕೂ ಹಳೆಯದಿದ್ದರೆ ಒಡೆದೂ ಒಡೆಯುತ್ತದೆ.

ಇನ್ನೊಂದು ತೊಂದರೆ ತಾಜಾತನದ್ದು. ಮೊನ್ನೆ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಕುದಿನೀರು ಬಿದ್ದ ಕೂಡಲೇ ಪುಡಿ ಬುಸ್ಸೆಂದು ಎದ್ದು ಬಿಲ್ಲೆಯ ಅಂಚಿನಿಂದ ಮೇಲೆ ನುಗ್ಗುತ್ತದೆ, ಹಾಸಿಗೆ ಬಿರಿಯುತ್ತದೆ, ನೀರು ಬಿರುಕಿನಲ್ಲಿ ಜಾರಿಹೋಗುತ್ತದೆ. ಮೇಲಿನ ಪಾತ್ರೆ ತೆಗೆದು ನೋಡಿದರೆ ಒಂದು ಕಡೆ ಪುಡಿ ಒಣಒಣ. ಪೋರ್ ಓವರಿನಲ್ಲಿ ಉಬ್ಬಲು ಸಮಯ ಕೊಡುವ ಕೈ ಇಲ್ಲಿ ಒಂದೇ ಏಟಿಗೆ ನೀರು ತುಂಬಿ ಮುಚ್ಚಳ ಹಾಕಿಬಿಡುತ್ತದೆ! ಹುರಿದು ಒಂದು ವಾರವಾದ ಬೀಜ ಈ ಕೆಲಸಕ್ಕೆ ವಾಸಿ.

ಆದ್ದರಿಂದ ಚಿಕೋರಿ ಇಲ್ಲದ ಫಿಲ್ಟರಿಗೆ ಒಂದು ಹದ ಹೀಗಿದೆ. ಎರಡನೇ ಸಲ ಚಟಪಟ ಅನ್ನುವ ಹೊಸ್ತಿಲವರೆಗೆ ಹುರಿದ ಬೀಜ. ಅರೇಬಿಕಾಗೆ ಕಾಲು ಭಾಗ ಒಳ್ಳೆಯ ರೊಬಸ್ಟಾ ಪಾರ್ಚ್‌ಮೆಂಟ್ (ತಿರುಳು ತೊಳೆದು ಒಣಗಿಸಿದ ಬೀಜ), ಮೈಕಟ್ಟಿಗೆ. ಪುಡಿ ಪೋರ್ ಓವರಿಗಿಂತ ನುಣ್ಣಗೆ, ಎಸ್ಪ್ರೆಸೊಗಿಂತ ತರಿ. 30 ಗ್ರಾಂ ಪುಡಿ ಹಾಕಿ, ತಟ್ಟಿ ಸಮ ಮಾಡಿ, ಬಿಲ್ಲೆಯನ್ನು ಅದರ ಭಾರದಲ್ಲೇ ಕೂರಿಸಿ, ಹೆಬ್ಬೆರಳಿನಿಂದ ಅದುಮಬಾರದು. ಕುದಿ ಬಂದ ನೀರು 50 ಮಿಲಿ ಹಾಕಿ ಒಂದು ನಿಮಿಷ ಬಿಟ್ಟು, ಆಮೇಲೆ 100 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಕೆಳಗೆ ಸಿಗುವುದು 90 ಮಿಲಿ, ಅಂದರೆ ಮೂರು ಲೋಟಕ್ಕೆ ಸರಿಯಾಗುವಷ್ಟು. ಹದಿನೈದು ನಿಮಿಷದಲ್ಲಿ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿ. ಅರ್ಧ ಗಂಟೆಯಾದರೂ ನಿಂತೇ ಇದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ತೂತು ಕಟ್ಟಿದೆ, ಅದೂ ಅಲ್ಲದಿದ್ದರೆ ಎರಡು ಪಾತ್ರೆ ಒಂದಕ್ಕೊಂದು ಬಿಗಿದು ಕೆಳಗಿನ ಗಾಳಿಗೆ ಹೊರಬರಲು ಜಾಗವಿಲ್ಲ. ಮೂರನೆಯದಕ್ಕೆ ಮೇಲಿನ ಪಾತ್ರೆಯನ್ನು ಒಂದು ಕೂದಲಷ್ಟು ಎತ್ತಿ ಬಿಟ್ಟರೆ ಟಪಟಪ ಶುರುವಾಗುತ್ತದೆ. ತೂತು ಕಟ್ಟಿದ್ದರೆ ತೊಳೆದು ಒರೆಸಿದ ತಟ್ಟೆಯನ್ನು ಗ್ಯಾಸಿನ ಉರಿಗೆ ಹಿಡಿಯುವ ಹಳೇ ಉಪಾಯ ಇದ್ದೇ ಇದೆ. ಒಳಗೆ ಕೂತ ಎಣ್ಣೆಪಸೆ, ಪುಡಿ ಎಲ್ಲ ಸುಟ್ಟು ತೂತಿನಲ್ಲಿ ಬೆಳಕು ಕಾಣುತ್ತದೆ.

ಹಾಲಿನ ಲೆಕ್ಕ

ಡಿಕಾಕ್ಷನ್ ಸರಿಯಾದರೂ ಕಾಫಿ ಆರಿ ಬರುವುದು ಯಾಕೆ? ಇದು ಶುದ್ಧ ಗಣಿತ. ಎಸ್ಪ್ರೆಸೊ ಮೆಶಿನ್ನಿನ ಹಬೆಕೊಳವೆಯಲ್ಲಿ ಹಾಲು ಕಾಯಿಸುವವರಿಗೆ ಮೊದಲ ದಿನವೇ ಹೇಳಿಕೊಡುವುದು 60ರಿಂದ 65 ಡಿಗ್ರಿಗೆ ನಿಲ್ಲಿಸು ಅಂತ. ಅಷ್ಟರಲ್ಲಿ ಹಾಲು ಸಿಹಿಯಾಗಿ, ನೊರೆ ರೇಷ್ಮೆಯ ಹಾಗಿರುತ್ತದೆ. 70 ದಾಟಿದರೆ ನೊರೆ ಒರಟಾಗಿ, ಕಾಯಿಸಿದ ವಾಸನೆ ಬರುತ್ತದೆ. ಕ್ಯಾಪುಚಿನೊಗೆ ಇದು ಸರಿ, ಅಲ್ಲಿ ಎಸ್ಪ್ರೆಸೊ ಬಿಸಿಬಿಸಿ ಇರುತ್ತದೆ. ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ಇಳಿಯುತ್ತ ಇಳಿಯುತ್ತ ತಣ್ಣಗಾಗಿರುತ್ತದೆ. 28 ಡಿಗ್ರಿಯ 30 ಮಿಲಿ ಡಿಕಾಕ್ಷನ್ನಿಗೆ 62 ಡಿಗ್ರಿಯ 100 ಮಿಲಿ ಹಾಲು ಸೇರಿದರೆ 54 ಡಿಗ್ರಿ. ಅದನ್ನು ತಣ್ಣಗಿರುವ ಸ್ಟೀಲ್ ಲೋಟಕ್ಕೆ ಹಾಕಿ, ಚೆಂದಕ್ಕೆ ಅಂತ ಎರಡು ಸಲ ಮೇಲೆತ್ತಿ ಸುರಿದರೆ 50ಕ್ಕಿಂತ ಕೆಳಗೆ. ಅದೇ ಉಕ್ಕಿ ಬಂದ 90 ಡಿಗ್ರಿಯ ಹಾಲಾದರೆ 75ರ ಮೇಲೆ ನಿಲ್ಲುತ್ತದೆ, ಎತ್ತಿ ಸುರಿಯುವುದಕ್ಕೆ ಆಗ ಅರ್ಥ ಬರುತ್ತದೆ. ಲೋಟ ಬಟ್ಟಲಿನ ಆಟ ಬಿಸಿ ಆರಿಸಲಿಕ್ಕೆ ಹುಟ್ಟಿದ್ದು, ಆರಿದ್ದನ್ನು ಇನ್ನೂ ಆರಿಸಲಿಕ್ಕಲ್ಲ.

ಹಬೆಯಲ್ಲಿ ಇನ್ನೊಂದು ಮೋಸ ಇದೆ, ಯಾರೂ ಬೇಕೆಂದು ಮಾಡದ್ದು. ಹಬೆ ಹಾಲಿಗೆ ನುಗ್ಗಿ ಅಲ್ಲೇ ನೀರಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಹಾಲನ್ನು 60ರ ಆಸುಪಾಸಿಗೆ ತರುವಷ್ಟರಲ್ಲಿ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲು ನೀರು ಸೇರಿರುತ್ತದೆ. ಶೇಕಡಾ 3 ಕೊಬ್ಬಿನ ನೀಲಿ ಪ್ಯಾಕೆಟ್ ಹಾಲಾದರೆ ಅದು ನಾಲಿಗೆಗೆ ಗೊತ್ತಾಗುತ್ತದೆ. ದರ್ಶಿನಿಯಲ್ಲಿ ಇದರ ತದ್ವಿರುದ್ಧ: ಹಾಲು ಅಗಲ ಪಾತ್ರೆಯಲ್ಲಿ ಸಣ್ಣಗೆ ಕಾಯುತ್ತಲೇ ಇರುತ್ತದೆ, ನೀರು ಆವಿಯಾಗುತ್ತದೆ, ಹಾಲು ಗಟ್ಟಿಯಾಗುತ್ತದೆ. ಬರಿಸ್ತಾ, ಅಂದರೆ ಮೆಶಿನ್ನಿನಲ್ಲಿ ಕಾಫಿ ಮಾಡುವವನು, ಹೆದರುವ ಆ ಕಾಯಿಸಿದ ಹಾಲಿನ ವಾಸನೆ ಇದೆಯಲ್ಲ, ಫಿಲ್ಟರ್ ಕಾಫಿಯ ಪರಿಮಳದಲ್ಲಿ ಅರ್ಧ ಅದೇ. ಎರಡು ವಿದ್ಯೆಗಳ ನಿಯಮ ಇಷ್ಟು ನೇರವಾಗಿ ಡಿಕ್ಕಿ ಹೊಡೆಯುವುದು ಅಪರೂಪ. ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ: ಒಂದು ಇಂಡಕ್ಷನ್ ಒಲೆ, ಎರಡು ಲೀಟರಿನ ಪಾತ್ರೆ, ಆಗಾಗ ಕೈಯಾಡಿಸಲು ಒಂದು ಸೌಟು. ಆದರೆ ಲಕ್ಷಗಟ್ಟಲೆ ಕೊಟ್ಟು ತಂದ ಇಟಲಿಯ ಮೆಶಿನ್ನಿನ ಪಕ್ಕ ಹಾಲಿನ ಪಾತ್ರೆ ಇಡಲು ಮನಸ್ಸು ಒಪ್ಪಬೇಕಲ್ಲ.

(ನೀರಿನ ಮಾತು ಬಂದಾಗ ಹೊಸ ಅಂಗಡಿಗಳನ್ನು ಮೆಚ್ಚಲೇಬೇಕು. ಬೋರ್‌ವೆಲ್ಲಿನ ಗಡುಸು ನೀರು ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ, ಕಾಫಿಯ ಹುಳಿಯನ್ನೂ ಪರಿಮಳವನ್ನೂ ಮಂಕು ಮಾಡುತ್ತದೆ. ಹಾಗಂತ ಬರೀ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂನಲ್ಲಿ) 150ರ ಸುತ್ತಮುತ್ತ ಇರುವ ಹಾಗೆ ಎರಡನ್ನೂ ಬೆರೆಸುವ ಅಂಗಡಿ ಕಂಡರೆ ಅಲ್ಲಿ ಕಣ್ಣು ಮುಚ್ಚಿ ಬ್ಲ್ಯಾಕ್ ಕಾಫಿ ಹೇಳಬಹುದು.)

ಕರಿಹಲಗೆಯ ಮೇಲಿನ ಊರುಗಳು

ಈ ಅಂಗಡಿಗಳಿಗೆ ಸಲ್ಲಬೇಕಾದ ಇನ್ನೊಂದು ಮೆಚ್ಚುಗೆ ಊರಿನ ಹೆಸರಿನದು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೇ. ಆದರೂ ಬೆಂಗಳೂರಿನಲ್ಲಿ ಮೂರು ತಲೆಮಾರು ಕಾಫಿ ಕುಡಿದವರಿಗೆ ತಾವು ಕುಡಿದದ್ದು ಯಾವ ತೋಟದ್ದು ಅಂತ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಿಂದ ತೋಟದವರು ಬೆಳೆದದ್ದನ್ನು ಕಾಫಿ ಬೋರ್ಡಿನ, ಎಲ್ಲರದ್ದನ್ನೂ ಒಟ್ಟಿಗೆ ಸೇರಿಸುವ ಪೂಲ್‌ಗೆ ಒಪ್ಪಿಸಬೇಕಿತ್ತು. ಅಲ್ಲಿ ಗ್ರೇಡ್ ಉಳಿಯುತ್ತಿತ್ತು, ತೋಟ ಅಳಿಯುತ್ತಿತ್ತು. ಪ್ಲಾಂಟೇಶನ್ ಎ (ತೊಳೆದು ಒಣಗಿಸಿದ ದಪ್ಪ ಬೀಜ), ಪಿಬಿ (ಪೀಬೆರಿ, ಹಣ್ಣಿಗೊಂದೇ ಇರುವ ದುಂಡು ಬೀಜ), ಅರೇಬಿಕಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ್ದು), ಅಷ್ಟೇ ಹೆಸರು. 1992ರಿಂದ ಇದು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಿಕೊಳ್ಳುವ ಹಾಗಾಯಿತು. ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದದ್ದು. ಬೀದಿ ಮೂಲೆಯ ಸಣ್ಣ ಅಂಗಡಿಯ ಹಲಗೆಯ ಮೇಲೆ ತೋಟದ ಹೆಸರು ಬರಲು ಇನ್ನೂ ವರ್ಷಗಳೇ ಹಿಡಿದವು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಹೊರತಂದ ಎಸ್ 795 ತಳಿಯ ಹೆಸರನ್ನು ಈಗ ಕಾಲೇಜು ಹುಡುಗಿಯೊಬ್ಬಳು ಕೌಂಟರಿನಲ್ಲಿ ನಿಂತು ಕೇಳುತ್ತಾಳೆ ಅಂದರೆ ಅದು ಸಣ್ಣ ವಿಷಯವಲ್ಲ.

ಆದರೆ ಹೆಸರು ಬರೆಯುವ ಈ ಹುರುಪೇ ಫಿಲ್ಟರ್ ಕಾಫಿಗೆ ಮುಳುವಾಯಿತು. ಒಂದೇ ತೋಟದ ಕಾಫಿ ಅನ್ನುವುದು ಇವರ ಧರ್ಮ. ಫಿಲ್ಟರ್ ಕಾಫಿಯ ಧರ್ಮ ಮಿಶ್ರಣ. ಪರಿಮಳಕ್ಕೆ ಪ್ಲಾಂಟೇಶನ್ ಎ, ದುಂಡು ರುಚಿಗೆ ಪಿಬಿ, ಗಟ್ಟಿತನಕ್ಕೆ ರೊಬಸ್ಟಾ, ಬಣ್ಣಕ್ಕೂ ಬಿಗಿಗೂ ಚಿಕೋರಿ. ಇದನ್ನು ಬಲ್ಲವರು ಹೊಸ ಅಂಗಡಿಯಿಂದ ಎರಡೇ ರಸ್ತೆ ಆಚೆ ಇರುತ್ತಾರೆ, ‘ಕಾಫಿ ವರ್ಕ್ಸ್’ ಅನ್ನುವ ಹಳೇ ಬೋರ್ಡಿನ ಕೆಳಗೆ. ಸ್ವತಂತ್ರ ಕಾಫಿ ಅಂಗಡಿ ನಮ್ಮ ಬಡಾವಣೆಗೆ ಈಗ ಬಂತು ಅನ್ನುವವರು ಈ ಅಂಗಡಿಯ ಮುಂದೆಯೇ ಹಾದು ಬಂದಿರುತ್ತಾರೆ.

ಪುಡಿ ಅಂಗಡಿಯ ನೋಟವೇ ಬೇರೆ. ಕುರ್ಚಿ ಇಲ್ಲ, ಕರಿಹಲಗೆ ಇಲ್ಲ. ಗಾಜಿನ ಮುಚ್ಚಳದ ನಾಲ್ಕು ಡಬ್ಬಿ, ಮೂಲೆಯಲ್ಲಿ ಮೇಲೆ ಕೊಳವೆಯಿರುವ ಗಿರಣಿ. “ಅರ್ಧ ಕೆಜಿ, ಎ ಪಿಬಿ ಅರ್ಧರ್ಧ, 80-20” ಅಂದರೆ ಸಾಕು. ಯಜಮಾನರು ಎರಡು ಡಬ್ಬಿಯಿಂದ ಎರಡು ಸಲ ತೂಗಿ 400 ಗ್ರಾಂ ಬೀಜ ಗಿರಣಿಗೆ ಸುರಿಯುತ್ತಾರೆ. ಪುಡಿ ಬೀಳುವಾಗ ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ರವೆಗಿಂತ ನುಣ್ಣಗೆ, ಮೈದಾಗಿಂತ ತರಿ. ಬಿಸಿ ಪುಡಿಗೆ 100 ಗ್ರಾಂ ಚಿಕೋರಿ ಸೇರಿಸಿ ಕೈ ಸೌಟಿನಲ್ಲಿ ತಿರುವಿ ಪ್ಯಾಕ್ ಮಾಡುತ್ತಾರೆ. ದೊಡ್ಡ ಫಿಲ್ಟರಿಗಾ ಸಣ್ಣದಕ್ಕಾ ಅಂತ ಕೇಳುವವರೂ ಇದ್ದಾರೆ, ಯಾಕೆಂದರೆ ಪುಡಿಯ ಹಾಸಿಗೆ ದಪ್ಪವಾದಷ್ಟೂ ಪುಡಿ ತುಸು ತರಿಯಿರಬೇಕು. ಇಲ್ಲಿ ಹುರಿದ ತಾರೀಖು ಎಲ್ಲೂ ಬರೆದಿರುವುದಿಲ್ಲ, ತೋಟದ ಹೆಸರು ಕೇಳಿದರೆ ‘ಚಿಕ್ಕಮಗಳೂರು ಕಡೇದು’ ಅನ್ನುವಷ್ಟೇ ಉತ್ತರ, ಬೀಜ ಕೆಲವು ಕಡೆ ಎಣ್ಣೆ ಬಿಡುವಷ್ಟು ಕಪ್ಪಗೆ ಹುರಿದಿರುತ್ತದೆ. ಇವರನ್ನು ಪೂಜೆಗೆ ಕೂರಿಸಬೇಕಿಲ್ಲ. ಆದರೆ ಸ್ಟೀಲ್ ಫಿಲ್ಟರಿಗೆ ಏನು ಬೇಕು ಅನ್ನುವುದು ಇವರ ಬೆರಳಿಗೆ ಗೊತ್ತು.

ಕಾಯಲಾರದ ಡಿಕಾಕ್ಷನ್

ಕೊನೆಯ ಕಾರಣ ಬರುವ ಗಿರಾಕಿಗಳ ಸಂಖ್ಯೆ. ಇಳಿದ ಡಿಕಾಕ್ಷನ್ ಎರಡು ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಪರಿಮಳ ಹೋಗಿ, ನಾಲಿಗೆ ಒಣಗಿಸುವ ಒಗರು ಉಳಿಯುತ್ತದೆ. ಉರಿಯ ಮೇಲೆ ನೇರ ಬಿಸಿ ಮಾಡಿದರಂತೂ ಮುಗಿಯಿತು, ಅಷ್ಟೂ ಕಹಿ. ಬಿಸಿ ಬೇಕೇಬೇಕಾದರೆ ಬಿಸಿನೀರಿನೊಳಗೆ ಪಾತ್ರೆ ಇಡಬೇಕು. ದರ್ಶಿನಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಟೋಕನ್ ಹಿಡಿದವರ ಸಾಲು ಕರಗುವ ಮೊದಲೇ ಡಿಕಾಕ್ಷನ್ ಖಾಲಿ, ಇನ್ನೊಂದು ಇಳಿಯುತ್ತಿರುತ್ತದೆ. ಅಲ್ಲಿನ ಕಾಫಿಯ ಗುಟ್ಟು ಅರ್ಧ ಪುಡಿಯಲ್ಲಿದ್ದರೆ ಅರ್ಧ ಆ ಸಾಲಿನಲ್ಲಿದೆ. ದಿನಕ್ಕೆ ಹತ್ತೋ ಹದಿನೈದೋ ಫಿಲ್ಟರ್ ಕಾಫಿ ಮಾರುವ ಹೊಸ ಅಂಗಡಿ ಬೆಳಗ್ಗೆ ಎಂಟಕ್ಕೆ ಅರ್ಧ ಲೀಟರ್ ಇಳಿಸಿ ಫ್ಲಾಸ್ಕಿನಲ್ಲಿಟ್ಟರೆ, ಸಂಜೆ ನಾಲ್ಕಕ್ಕೆ ಬಂದವರ ಗತಿ ಏನು? ಎಸ್ಪ್ರೆಸೊ ಹೇಳಿದ ಮೇಲೆ ಹುಟ್ಟುತ್ತದೆ. ಡಿಕಾಕ್ಷನ್ ಹೇಳುವ ಮೊದಲೇ ಹುಟ್ಟಿರಬೇಕು. ಅಷ್ಟು ಸಣ್ಣ ಅಂಗಡಿಗೆ ಇದು ನಿಜವಾಗಿಯೂ ಕಷ್ಟ.

ಸಣ್ಣ ಫಿಲ್ಟರುಗಳು ಇದಕ್ಕೆ ಉತ್ತರ. ಮೂರು ಲೋಟದ ನಾಲ್ಕು ಫಿಲ್ಟರ್, ಎಲ್ಲಕ್ಕೂ ಒಂದೇ ಅಳತೆಯ ಪುಡಿ ಮೊದಲೇ ತೂಗಿ ಡಬ್ಬಿಗಳಲ್ಲಿ ಮುಚ್ಚಿಟ್ಟು, ಒಂದು ಖಾಲಿಯಾಗುವ ಹೊತ್ತಿಗೆ ಇನ್ನೊಂದಕ್ಕೆ ನೀರು. ಮಧ್ಯಾಹ್ನದ ಸಪ್ಪೆ ಹೊತ್ತಿನಲ್ಲಿ ಒಂದೆರಡು ಫಿಲ್ಟರಿನಷ್ಟು ಚೆಲ್ಲಬೇಕಾಗಬಹುದು. ಕೆಟ್ಟ ಎಸ್ಪ್ರೆಸೊವನ್ನು ಸಿಂಕಿಗೆ ಚೆಲ್ಲುವ ಕೈಗೆ ಇದು ಹೊಸದಲ್ಲ.

ಪಾಸ್‌ಬುಕ್ಕಿನ ಹಿರಿಯರು ಚಿಕೋರಿ ಕೇಳಿದ್ದ ಅಂಗಡಿಯಲ್ಲಿ ಈಗ ಇಟಲಿಯ ಮೆಶಿನ್ನಿನ ಎಡಕ್ಕೆ ಮೂರು ಸ್ಟೀಲ್ ಫಿಲ್ಟರ್ ಕೂತಿವೆ. ಮುಚ್ಚಳದ ಮೇಲೆ ಅಂಟಿಸಿದ ಕಾಗದದಲ್ಲಿ ನೀರು ಹಾಕಿದ ಹೊತ್ತು: 10.20, 11.05. ಪಕ್ಕದಲ್ಲಿ ಎರಡು ರಸ್ತೆ ಆಚೆಯ ಪುಡಿ ಅಂಗಡಿಯ ಕಂದು ಪೊಟ್ಟಣ, ಮೂಲೆಯಲ್ಲಿ ಪೆನ್ನಿನಿಂದ 85-15 ಅಂತ ಬರೆದದ್ದು. ಹಾಲು ಇನ್ನೂ ಹಬೆಯದ್ದೇ.